ಕುಗ್ಗುವ ವೃತ್ತದೊಳಗೆ ನನ್ನ ಮಗಳು

ಹೊರಡುವ ಮೊದಲು

ಬ್ಯಾಂಕಾಕ್ ನೋಡಿ ಬಂದವರೆಲ್ಲ ಮಲಗಿದ ಬುದ್ಧನ ವಿಷಯ ಹೇಳುತ್ತಾರೆ. ನಾನು ಅವನನ್ನು ನೋಡಲಿಲ್ಲ. ಆ ಊರಿನಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಒಂದು ದ್ವೀಪವನ್ನು. ಅದು ಯಾವ ಸಮುದ್ರದಲ್ಲಿಯೂ ಇಲ್ಲ; ಒಂದು ಶಾಪಿಂಗ್ ಮಾಲಿನ ಮೇಲಿನ ಮಹಡಿಯಲ್ಲಿ, ನಮ್ಮ ಚಾವಡಿಯ ಗೋಡೆಗಿಂತ ದೊಡ್ಡದಾದ ಪರದೆಯ ಮೇಲೆ ಮಾತ್ರ ಉಂಟು. ಹಾಗಾಗಿ ಉಡುಪಿಯ ಕಡಿಯಾಳಿಯಲ್ಲಿ ನಮ್ಮ ನೆರೆಮನೆಯವರು ಎಂತೆಲ್ಲ ನೋಡಿದಿರಿ ಎಂದು ಕೇಳಿದಾಗ ನನಗೆ ಹೇಳಲಿಕ್ಕೆ ಕಷ್ಟವಾಯಿತು.

ನನ್ನ ಮಗಳು ಮಾನ್ಯ ಮಣಿಪಾಲದಲ್ಲಿ ಎರಡನೆಯ ವರ್ಷದ ಡಿಗ್ರಿ ಓದುತ್ತಾಳೆ. ಓದಿದ ಮೇಲೆ ಮೊಬೈಲಿನಲ್ಲಿ ಆಡುತ್ತಾಳೆ. ಆ ಆಟ ಹೀಗೆ: ಹಲವು ತಂಡಗಳು ವಿಮಾನದಿಂದ ಒಂದು ದ್ವೀಪಕ್ಕೆ ಬರಿಗೈಯಲ್ಲಿ ಹಾರುತ್ತವೆ. ಇಳಿದ ಮನೆಯೊಳಗೆ ಬಂದೂಕು ಸಿಕ್ಕರೆ ಸಿಕ್ಕಿತು, ಬರೇ ಬ್ಯಾಂಡೇಜು ಸಿಕ್ಕರೆ ಅದೇ ಸಿಕ್ಕಿದ್ದು. ಸ್ವಲ್ಪ ಹೊತ್ತಿಗೆ ನಕ್ಷೆಯ ಮೇಲೆ ಒಂದು ವೃತ್ತ ಬೀಳುತ್ತದೆ. ಅದರ ಹೊರಗೆ ಉಳಿದವರಿಗೆ ಮೆಲ್ಲ ಮೆಲ್ಲನೆ ಜೀವ ಹೋಗುತ್ತದೆ. ವೃತ್ತ ಕುಗ್ಗುತ್ತ ಬರುತ್ತದೆ, ಆದರೆ ಯಾವ ಕಡೆಗೆ ಕುಗ್ಗುತ್ತದೆ ಎಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ. ಎಲ್ಲರೂ ಅದರೊಳಗೆ ಒತ್ತಿಕೊಂಡು ಹೊಡೆದಾಡಿ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ.

ಹೆಣ್ಣುಮಕ್ಕಳ ತಂಡಗಳಿಗಾಗಿ ಬ್ಯಾಂಕಾಕಿನಲ್ಲಿ ನಡೆಯುವ ಸ್ಪರ್ಧೆಗೆ ಮಾನ್ಯಳ ತಂಡಕ್ಕೆ ಕರೆ ಬಂತು. ಅದರ ಬೆನ್ನಿಗೇ ಅವಳು ಇನ್ನೊಂದು ಮಾತು ಹೇಳಿದಳು: ಒಂದು ವರ್ಷ ಕಾಲೇಜಿಗೆ ರಜೆ ಹಾಕಿ ಇದನ್ನೇ ಆಡುತ್ತೇನೆ.

ಇವರು, ಅಂದರೆ ನನ್ನ ಯಜಮಾನರು, ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದಲ್ಲಿ ತರಕಾರಿಯ ಸಗಟು ವ್ಯಾಪಾರಿ. ಮಟ್ಟುಗುಳ್ಳ ಬದನೆಯ ಕಾಲ ಬಂದರೆ ಊಟಕ್ಕೆ ಕುಳಿತಾಗಲೂ ಫೋನು ಕಿವಿಯಿಂದ ಇಳಿಯುವುದಿಲ್ಲ. ಆ ದಿನ ಫೋನು ಕೆಳಗಿಟ್ಟು ಮಗಳ ಆಟವನ್ನು ಪೂರ್ತಿ ಕೇಳಿದರು. ಕೇಳಿ ಆದ ಮೇಲೆ ಹೇಳಿದರು:

"ಇಳಿದ ಮನೆಯಲ್ಲಿ ಬಂದೂಕು ಸಿಗುವುದು ಅದೃಷ್ಟ. ವೃತ್ತ ನಮ್ಮ ಕಡೆ ಬರುವುದು ಅದೃಷ್ಟ. ಅದೃಷ್ಟದ ಮೇಲೆ ಒಂದು ವರ್ಷ ಕಳೆಯಲಿಕ್ಕೆ ಕೋಳಿ ಅಂಕ ಸಾಲದಾ ಮಾರಾಯ್ತಿ?"

ಮಾನ್ಯ ಅತ್ತಳು, ವಾದಿಸಿದಳು, ಮತ್ತೆ ಅತ್ತಳು. ಕೊನೆಗೆ ಇವರು ತೀರ್ಪನ್ನು ನನ್ನ ತಲೆಗೆ ಕಟ್ಟಿದರು. ಹೇಗೂ ಜೊತೆಗೆ ಒಬ್ಬರು ದೊಡ್ಡವರು ಹೋಗಬೇಕಿತ್ತು. "ನೀನು ಹೋಗಿ ನೋಡು. ಕಾನ್ವೆಂಟಿನಲ್ಲಿ ಕಲಿತವಳು, ಸುಳ್ಳು ಹೇಳಲಿಕ್ಕೆ ನಿನಗೆ ಬರುವುದಿಲ್ಲ. ಕೈಚಳಕ ಅಂತ ನಿನಗೆ ಕಂಡರೆ ಒಂದು ವರ್ಷ ಕೊಡುವ. ಅದೃಷ್ಟ ಅಂತ ಕಂಡರೆ ಬಂದು ಪುಸ್ತಕ ಹಿಡಿಯಲಿ."

ನಾನು ಒಂದು ಡಬ್ಬಿ ತುಂಬ ಹಲಸಿನ ಹಪ್ಪಳ ಕರಿದು ತುಂಬಿಸಿಕೊಂಡು ಹೊರಟೆ. ಪರವೂರಿಗೆ ಹೋಗುವಾಗ ಬೇರೆ ಏನು ಕೊಂಡುಹೋಗಬೇಕೆಂದು ನನಗೆ ಗೊತ್ತಿಲ್ಲ.

ಕಾಲುವೆಯ ದೋಣಿ

ತಂಡದಲ್ಲಿ ನಾಲ್ವರು. ಮಾನ್ಯ ಮುಂದಾಳು, ಎಲ್ಲಿ ಇಳಿಯಬೇಕು, ಯಾವಾಗ ಓಡಬೇಕು ಎಂದು ಹೇಳುವವಳು. ಕಾರ್ಕಳದ ಜೋಸ್ಲಿನ್ ದೂರದಿಂದ ಗುರಿ ಇಡುವವಳು. ಮಾತಿನಲ್ಲಿ ಮಾತ್ರ ಅವಳಿಗೆ ಗುರಿ ಇಲ್ಲ, ಸಿಕ್ಕಿದ ಕಡೆ ಹೊಡೆಯುತ್ತಾಳೆ. ಉಳಿದಿಬ್ಬರು ಮಣಿಪಾಲದ ಅವಳಿ ಹುಡುಗಿಯರು. ಯಾರು ನಿಶಾ, ಯಾರು ನಿಧಿ ಎಂದು ಮರಳಿ ಬರುವ ತನಕವೂ ತಿಳಿಯದೆ ಇಬ್ಬರನ್ನೂ "ಮಗಾ" ಎಂದೇ ಕರೆದೆ.

ಹೋಟೆಲಿನಿಂದ ಮಾಲಿಗೆ ಹೋಗಲಿಕ್ಕೆ ಕಾಲುವೆಯ ದೋಣಿ. ದೋಣಿ ಎಂದರೆ ನಮ್ಮ ಸಿಟಿ ಬಸ್ಸಿನ ನೀರಿನ ಅಕ್ಕ. ಕಂಡಕ್ಟರ್ ಹೆಂಗಸು ತಲೆಗೆ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ, ಹಗ್ಗ ಹಿಡಿದು, ನಡೆಯುತ್ತಲೇ ಟಿಕೆಟು ಕೊಡುತ್ತಾಳೆ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಅಂಚಿನಲ್ಲಿ ಕುಳಿತವರು ಹಗ್ಗ ಎಳೆಯಬೇಕು. ಆಗ ಪಕ್ಕದ ಪ್ಲಾಸ್ಟಿಕ್ ಪರದೆ ಮೇಲೇರಿ ನೀರು ಒಳಗೆ ಹಾರದಂತೆ ತಡೆಯುತ್ತದೆ. ಇದು ನನಗೆ ಯಾರೂ ಹೇಳಲಿಲ್ಲ. ಹಗ್ಗದ ಬಳಿ ನಾನೇ ಕುಳಿತಿದ್ದೆ. ದೋಣಿ ಬಂತು, ಹಿಂದಿನಿಂದ ಎಲ್ಲರೂ ಒಟ್ಟಿಗೆ ಏನೋ ಹೇಳಿದರು, ನಾನು ತಿರುಗಿ ನಕ್ಕೆ. ಕಾಲುವೆಯ ನೀರು ನನ್ನ ಸೀರೆಯನ್ನೂ ನನ್ನ ಹಿಂದಿನ ಮೂರು ಸಾಲನ್ನೂ ತೋಯಿಸಿತು. ಯಾರೂ ಸಿಡುಕಲಿಲ್ಲ. ಒಬ್ಬ ಅಜ್ಜ ಮುಖ ಒರೆಸಿಕೊಂಡು ನನ್ನ ಕೈಗೆ ಹಗ್ಗ ಕೊಟ್ಟು, ಹೀಗೆ ಎಂದು ಎಳೆದು ತೋರಿಸಿದರು. ಮುಂದಿನ ದೋಣಿಗೆ ನಾನು ಎಷ್ಟು ಜೋರಾಗಿ ಎಳೆದೆನೆಂದರೆ ಇಡೀ ದೋಣಿ ಕತ್ತಲಾಯಿತು.

"ಆಂಟಿ, ಇದು ಅದೃಷ್ಟವಾ ಕೈಚಳಕವಾ?" ಎಂದು ಜೋಸ್ಲಿನ್ ಕೇಳಿದಳು. ನನ್ನ ತೀರ್ಪಿನ ವಿಷಯ ನಾಲ್ವರಿಗೂ ಗೊತ್ತಿತ್ತು.

ಮಹಡಿಯ ಸಭಾಂಗಣ

ಸಭಾಂಗಣದಲ್ಲಿ ನಮ್ಮ ಮಠದ ಭೋಜನಶಾಲೆಯ ಪಂಕ್ತಿಯ ಹಾಗೆ ಸಾಲಾಗಿ ಮೇಜುಗಳು. ಒಂದೊಂದು ಮೇಜಿಗೆ ನಾಲ್ವರು ಹುಡುಗಿಯರು, ಕಿವಿಗೆ ದೊಡ್ಡ ಹೆಡ್‌ಫೋನು. ಹೆಬ್ಬೆರಳುಗಳಿಗೆ ತೆಳು ಬಟ್ಟೆಯ ಪುಟ್ಟ ಟೋಪಿ. ಬೆವರಿದರೆ ಬೆರಳು ಪರದೆಯ ಮೇಲೆ ಸರಿಯಾಗಿ ಜಾರುವುದಿಲ್ಲವಂತೆ, ಅದಕ್ಕಾಗಿ.

ಮಕ್ಕಳು ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ. ಆಟಕ್ಕೆ ಕರೆಯುವ ಮೊದಲು ನಾನು ಡಬ್ಬಿ ತೆರೆದೆ. ತೆಂಗಿನೆಣ್ಣೆಯಲ್ಲಿ ಕರಿದ ಹಪ್ಪಳ. ಪರದೇಶದಲ್ಲಿ ಅದರ ಪರಿಮಳ ಬಂದರೆ ಯಾರು ತಡೆದುಕೊಳ್ಳುತ್ತಾರೆ? ನಾಲ್ವರೂ ತಿಂದರು, ಕೈ ಪ್ಯಾಂಟಿಗೆ ಒರೆಸಿಕೊಂಡು ಹೋದರು. ಮೊದಲನೆಯ ಆಟದಲ್ಲಿ ಮಾನ್ಯ ಒಂದು ಗೋಡೆಯ ಹಿಂದೆ ಅಡಗಬೇಕಿದ್ದವಳು ಗೋಡೆಯಾಚೆ ಹೋಗಿ ಬಯಲಿನಲ್ಲಿ ನಿಂತಳು. ಬೆರಳು ಜಾರಿತ್ತು. ನಾಲ್ವರೂ ಬೇಗನೆ ಸತ್ತರು. ಬೆರಳಿನ ಟೋಪಿಯ ಒಳಗೆಲ್ಲ ಎಣ್ಣೆ.

ಮಾನ್ಯ ಬಂದು ಡಬ್ಬಿಯ ಮುಚ್ಚಳ ಹಾಕಿದಳು. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ನೊಯ್ ಎಂಬ ಒಬ್ಬ ತಾಯಿ ಕುಳಿತಿದ್ದರು. ಆ ಊರಿನವರೇ, ಬ್ಯಾಂಕಿನಲ್ಲಿ ಕೆಲಸ, ಮಗಳು ಥಾಯ್ ತಂಡದಲ್ಲಿ. ನನ್ನ ಕಾನ್ವೆಂಟಿನ ಇಂಗ್ಲಿಷು, ಅವರ ಬ್ಯಾಂಕಿನ ಇಂಗ್ಲಿಷು ಸೇರಿ ಹೇಗೋ ಮಾತಾಯಿತು. ಅವರು ಚಕ್ಕೋತ ಸುಲಿಯುವುದನ್ನು ನೋಡಬೇಕು: ಒಂದು ತೊಳೆಯೂ ಒಡೆಯದೆ, ಮೇಲಿನ ಪೊರೆಯನ್ನು ಮಗುವಿನ ಅಂಗಿ ಬಿಚ್ಚಿದ ಹಾಗೆ ಬಿಚ್ಚುತ್ತಾರೆ. ಮಗಳಿಗೆ ಅಪಾಯ ಬಂದ ಕೂಡಲೇ ಪರದೆ ನೋಡುವುದು ಬಿಟ್ಟು ಸುಲಿಯಲು ಶುರುಮಾಡುತ್ತಾರೆ. ನಾನು ಹಣ್ಣು ನೋಡಿಯೇ ಆಟ ಹೇಗೆ ನಡೆಯುತ್ತಿದೆ ಎಂದು ತಿಳಿಯುವುದನ್ನು ಕಲಿತೆ.

ಪರದೆಯ ಮೇಲೆ ವೃತ್ತ ಕುಗ್ಗುವುದನ್ನು ಕಂಡಾಗ ನನಗೆ ನೆನಪಾದದ್ದು ಕಾಪುವಿನ ರಂಪಣಿ ಬಲೆ. ನಾನು ಹುಟ್ಟಿದ್ದು ಕಾಪುವಿನಲ್ಲಿ, ಕಲಿತದ್ದು ಕಾರ್ಕಳದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು. ರಜೆಯಲ್ಲಿ ಮನೆಗೆ ಬಂದಾಗ ದೀಪಸ್ತಂಭದ ಬದಿಯ ಕಡಲ ಕರೆಯಲ್ಲಿ ಬಲೆ ಎಳೆಯುವುದನ್ನು ನೋಡುತ್ತಿದ್ದೆ. ದೋಣಿ ದೂರದಿಂದ ಸುತ್ತು ಹಾಕಿ ಬಲೆ ಬಿಡುತ್ತದೆ, ಎರಡೂ ತುದಿಗಳನ್ನು ದಡದಿಂದ ಊರವರೆಲ್ಲ ಎಳೆಯುತ್ತಾರೆ, ನೀರಿನ ಅಂಗಳ ಚಿಕ್ಕದಾಗುತ್ತ ಬರುತ್ತದೆ. ಕೊನೆಗೆ ಒಳಗಿನ ಮೀನುಗಳೆಲ್ಲ ಒಟ್ಟಿಗೆ ಜಿಗಿಯುತ್ತವೆ. ಆಗ ನಾನು ದಡದ ಕಡೆಯವಳಾಗಿದ್ದೆ. ಈಗ ನನ್ನ ಮಗಳು ಬಲೆಯ ಒಳಗೆ.

ಗೆದ್ದ ದಿನ

ಎರಡನೆಯ ದಿನ ಅವರು ಒಂದು ಆಟ ಗೆದ್ದರು. ಹೇಗೆ ಗೆದ್ದರು ಎನ್ನುವುದನ್ನು ಹೇಳಬೇಕು. ಕೊನೆಗೆ ಮೂರು ತಂಡ ಉಳಿದಿದ್ದವು. ನಮ್ಮವರು ಒಂದು ಗುಡ್ಡದ ಹಿಂದೆ ಇದ್ದರು. ವೃತ್ತ ಬಂದು ಆ ಗುಡ್ಡದ ಮೇಲೆಯೇ ಕುಳಿತಿತು. ಒಳಗೆ ಬರಲೇಬೇಕಾದ ಉಳಿದ ಎರಡು ತಂಡ ಬಯಲಿನಲ್ಲಿ ಎದುರಾಗಿ ಒಬ್ಬರನ್ನೊಬ್ಬರು ಮುಗಿಸಿದರು. ಉಳಿದ ಒಬ್ಬಳಿಗೆ ಜೋಸ್ಲಿನ್ ಗುರಿ ಇಟ್ಟಳು. ಆ ಒಬ್ಬಳು ನೊಯ್‌ರ ಮಗಳು.

ಅವಳಿ ಹುಡುಗಿಯರು ಕುಣಿದರು. ನಾನೂ ಎದ್ದು ಚಪ್ಪಾಳೆ ತಟ್ಟಿದೆ, ಆಮೇಲೆ ಪಕ್ಕದವರ ನೆನಪಾಗಿ ಕುಳಿತೆ. ನೊಯ್ ಸುಲಿದು ಮುಗಿಸಿದ್ದ ಚಕ್ಕೋತದ ತಟ್ಟೆಯನ್ನು ನನ್ನ ಕಡೆ ಸರಿಸಿದರು. ತಿನ್ನಿ, ನಿಮ್ಮ ಮಗಳ ಆಟ ಚೆನ್ನಾಗಿತ್ತು ಎಂದರು. ಅಷ್ಟು ಸಿಹಿ ಹಣ್ಣು ನುಂಗಲಿಕ್ಕೆ ನನಗೆ ಅಷ್ಟು ಕಷ್ಟವಾದದ್ದು ಮೊದಲ ಸಲ.

ಮಾನ್ಯ ಮಾತ್ರ ಕುಣಿಯಲಿಲ್ಲ. ನೀರು ಕುಡಿಯಲು ಬಂದಾಗ, ಯಾಕೆ ಮುಖ ಸಣ್ಣ ಮಾಡಿದ್ದೀ ಎಂದು ಕೇಳಿದೆ.

"ಇದು ನಮಗೆ ಸಿಕ್ಕಿದ್ದು ಅಮ್ಮ, ನಾವು ಆಡಿದ್ದಲ್ಲ," ಎಂದಳು. "ಇದನ್ನು ನೀನು ಲೆಕ್ಕಕ್ಕೆ ಹಿಡೀಬೇಡ."

ತನ್ನ ಪರವಾಗಿ ಬಂದ ಸಾಕ್ಷಿಯನ್ನು ಅವಳೇ ಅಳಿಸಿ ಹಾಕಿದಳು.

ಸಂಜೆ ಊಟಕ್ಕೆ ಕುಳಿತಾಗ ಇದೇ ಮಾತು. ಬಾಳೆಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಒಂದು ತಿಂಡಿ ಬಂತು, ಅಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲದಂಥದ್ದು. ನಮ್ಮ ಗಟ್ಟಿ ಎಂಬ ಎಲೆಕಡುಬಿನ ತಂಗಿ ಯಾರನ್ನೋ ಮದುವೆಯಾಗಿ ಇಲ್ಲಿ ನೆಲೆಸಿದ ಹಾಗಿತ್ತು. ಇಂಥ ಆಟದಲ್ಲಿ ಅದೃಷ್ಟ ಯಾಕೆ ಇಟ್ಟಿದ್ದಾರೆ, ಪೂರ್ತಿ ತೆಗೆಯಬಾರದೇ ಎಂದು ನಾನು ಕೇಳಿದೆ. ಎಲ್ಲ ಮನೆಯಲ್ಲಿಯೂ ಒಂದೇ ಬಂದೂಕು ಇಡಲಿ, ವೃತ್ತ ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಲಿ. ಮಕ್ಕಳ ಭವಿಷ್ಯ ನೇತಾಡುವುದಾದರೂ ತಪ್ಪುತ್ತದೆ.

ಸ್ವಲ್ಪ ಸ್ವಲ್ಪ ತೆಗೆಯುತ್ತಲೇ ಇದ್ದಾರಂತೆ, ಮಾನ್ಯ ಹೇಳಿದಳು. ಈಗ ಬಂದೂಕುಗಳನ್ನು ಮೊದಲಿಗಿಂತ ಸಮನಾಗಿ ಹರಡುತ್ತಾರಂತೆ. ಒಂದೇ ಆಟದಲ್ಲಿ ತೀರ್ಮಾನ ಮಾಡದೆ ಮೂರು ದಿನ ಆಡಿಸುವುದೂ ಅದಕ್ಕೇ; ಒಂದು ಆಟದಲ್ಲಿ ಒಬ್ಬರ ಪರ ಬಂದ ವೃತ್ತ ಇನ್ನೊಂದರಲ್ಲಿ ಅವರ ವಿರುದ್ಧವೇ ತಿರುಗುತ್ತದೆ.

"ಆದರೆ ಪೂರ್ತಿ ತೆಗೆದರೆ ಅದು ಚೆನ್ನೆಮಣೆ ಆಗ್ತದೆ ಆಂಟಿ," ಎಂದಳು ಜೋಸ್ಲಿನ್.

ಚೆನ್ನೆಮಣೆಯ ಮಾತು ನನ್ನನ್ನು ಕಟ್ಟಿಹಾಕಿತು. ನಮ್ಮ ಅಜ್ಜಿ ಮಳೆಗಾಲದ ಆಟಿ ತಿಂಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು. ಗುಳಿಗಳಲ್ಲಿ ಕಾಯಿ ಎಣಿಸಿ ಬಿಡುವ ಆಟ. ಎಲ್ಲವೂ ಕಣ್ಣೆದುರೇ ಇರುತ್ತದೆ, ಅದೃಷ್ಟಕ್ಕೆ ನಿಲ್ಲಲಿಕ್ಕೆ ಜಾಗವೇ ಇಲ್ಲ. ಅಜ್ಜಿಯನ್ನು ಯಾರೂ ಸೋಲಿಸಿದ್ದಿಲ್ಲ. ಹಾಗಾಗಿ ಅಜ್ಜಿಯ ಜೊತೆ ಆಡಲಿಕ್ಕೆ ಯಾರೂ ಸಿಗುತ್ತಿರಲಿಲ್ಲ. ಮಣೆ ಮುಂದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕುಳಿತ ಅವರ ಮುಖ ನನಗೆ ಈಗಲೂ ಕಾಣುತ್ತದೆ. ಅದೇ ನಮ್ಮ ಮಹಿಳಾ ಮಂಡಲದಲ್ಲಿ ನಂಬರು ಕೂಗುವ ಹೌಸಿ ಎಂದರೆ ಕುರ್ಚಿ ಸಾಲುವುದಿಲ್ಲ. ಅಲ್ಲಿ ಬುದ್ಧಿ ಬೇಕಿಲ್ಲ, ನಂಬರು ಬಂದರೆ ಆಯಿತು. ಆದರೆ ಹೌಸಿ ಗೆದ್ದವಳನ್ನು ಮರುದಿನ ಯಾರೂ ನೆನೆಯುವುದೂ ಇಲ್ಲ.

ಇವೆರಡರ ನಡುವೆ ಎಲ್ಲಿಯೋ ಮಕ್ಕಳ ದ್ವೀಪ ಉಂಟು ಎಂದು ನನಗೆ ತೋರಿತು. ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ. ಇವರು ಫೋನು ಮಾಡಿ ಎಂತಾಯಿತು ಎಂದು ಕೇಳಿದಾಗ ಇನ್ನೂ ನೋಡುತ್ತಿದ್ದೇನೆ ಎಂದೆ.

ನಿಂತ ಜನ, ಬಿದ್ದ ಕಡ್ಡಿ

ಕೊನೆಯ ದಿನ ಆಟ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ನೊಯ್ ನನ್ನನ್ನು ತಮ್ಮ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ರೈಲು ನಿಲ್ದಾಣದಲ್ಲಿ ಮೆಟ್ಟಿಲು ಇಳಿಯುತ್ತಿದ್ದಾಗ ಧ್ವನಿವರ್ಧಕದಲ್ಲಿ ಹಾಡು ಬಂತು. ನಾನು ಇಳಿಯುತ್ತಲೇ ಇದ್ದೆ, ಮುಂದಿದ್ದವರ ಬೆನ್ನಿಗೆ ಹೋಗಿ ಬಡಿದೆ. ನೋಡಿದರೆ ಇಡೀ ನಿಲ್ದಾಣ ನಿಂತಿದೆ. ಅವರ ರಾಷ್ಟ್ರಗೀತೆಯಂತೆ, ದಿನಾ ಬೆಳಿಗ್ಗೆ ಸಂಜೆ ಹೀಗೆ ನಿಲ್ಲುತ್ತಾರಂತೆ. ನನಗೆ ಕಾರ್ಕಳದ ಕಾನ್ವೆಂಟು ನೆನಪಾಯಿತು. ಅಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆದರೆ ವರಾಂಡದಲ್ಲಿ ಓಡುತ್ತಿದ್ದವರು ಓಡಿದ ಭಂಗಿಯಲ್ಲೇ ನಿಲ್ಲಬೇಕಿತ್ತು. ನಾನು ಕೈಜೋಡಿಸಿ ನಿಂತೆ. ಹಾಡು ಮುಗಿದ ಕೂಡಲೇ ಊರು ಮತ್ತೆ ಓಡತೊಡಗಿತು.

ದೇವಸ್ಥಾನದಲ್ಲಿ ಭವಿಷ್ಯ ಕೇಳುವ ಒಂದು ಕ್ರಮ ಉಂಟು. ಬಿದಿರಿನ ಡಬ್ಬಿಯಲ್ಲಿ ನಂಬರು ಬರೆದ ಕಡ್ಡಿಗಳು. ಮೊಣಕಾಲೂರಿ ಕುಳಿತು, ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿ, ಡಬ್ಬಿಯನ್ನು ಓರೆಯಾಗಿ ಹಿಡಿದು ಅಲ್ಲಾಡಿಸಬೇಕು. ಒಂದು ಕಡ್ಡಿ ಹೊರಗೆ ಬೀಳುತ್ತದೆ. ಆ ನಂಬರಿನ ಚೀಟಿಯಲ್ಲಿ ಉತ್ತರ. ಕಡಿಯಾಳಿಯಲ್ಲಿ ದೇವಿಯ ತಲೆಯಿಂದ ಹೂ ಬೀಳುವುದನ್ನು ಕಾದು ಕುಳಿತವಳಿಗೆ ಇದು ಹೊಸತೇನಲ್ಲ ಎಂದುಕೊಂಡೆ. ಅದೃಷ್ಟವಾ ಕೈಚಳಕವಾ ಎಂದು ಮನಸ್ಸಿನಲ್ಲಿ ಕೇಳಿ ಡಬ್ಬಿ ಅಲ್ಲಾಡಿಸಿದೆ. ಎಲ್ಲ ಕಡ್ಡಿಗಳೂ ಸುರಿದು ನೆಲದ ತುಂಬ ಹರಡಿದವು. ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದವರು ಕಣ್ಣು ತೆರೆದು, ಏನೂ ಆಗದವರಂತೆ ನನ್ನ ಜೊತೆ ಹೆಕ್ಕಿದರು.

ನೊಯ್ ಕೈ ಹಿಡಿದು ತೋರಿಸಿದರು. ಡಬ್ಬಿಯ ಬಾಯಿ ಸ್ವಲ್ಪವೇ ಬಗ್ಗಬೇಕು, ಮಣಿಕಟ್ಟು ಮಾತ್ರ ಆಡಬೇಕು, ಭುಜ ಆಡಬಾರದು. ನಾವು ಗೆರಸೆಯಲ್ಲಿ ಅಕ್ಕಿ ಕೇರುವ ಹಾಗೆ. ಕಡ್ಡಿಗಳಲ್ಲಿ ಒಂದು ಮೆಲ್ಲನೆ ಉಳಿದವುಗಳಿಗಿಂತ ಮುಂದೆ ಬರತೊಡಗುತ್ತದೆ. ಯಾವುದು ಎನ್ನುವುದು ನಮ್ಮ ಕೈಯಲ್ಲಿಲ್ಲ. ಆದರೆ ಒಂದೇ ಒಂದು ಬೀಳುವ ಹಾಗೆ ಮಾಡುವುದು ನಮ್ಮ ಕೈಯಲ್ಲೇ ಉಂಟು. ಅವರ ತಾಯಿ ಅವರಿಗೆ ಇದನ್ನು ಚಿಕ್ಕಂದಿನಲ್ಲಿ ಕಲಿಸಿದರಂತೆ. ಕಲಿಯಲು ಬಹಳ ಸಮಯ ಹಿಡಿಯಿತಂತೆ.

ನನಗೆ ಬಿದ್ದ ಚೀಟಿಯನ್ನು ನೊಯ್ ಓದಿ, ಕಳೆದುಹೋದ ವಸ್ತು ಪೂರ್ವ ದಿಕ್ಕಿನಲ್ಲಿ ಸಿಗುತ್ತದೆ ಎಂದರು. ನಾನು ಏನನ್ನೂ ಕಳೆದುಕೊಂಡಿರಲಿಲ್ಲ. ಆದರೂ ಮಡಚಿ ಪರ್ಸಿನಲ್ಲಿಟ್ಟೆ.

ಸೇತುವೆ

ಕೊನೆಯ ಆಟದಲ್ಲಿ ಮೇಲಿನ ಸಾಲಿಗೆ ಬಂದರೆ ಮುಂದಿನ ಹಂತಕ್ಕೆ ಆಯ್ಕೆ. ಮಾನ್ಯ ನದಿಯ ಈಚೆ ಒಂದು ಹಳೆಯ ಗೋದಾಮು ಹಿಡಿದು ಕುಳಿತಳು. ವೃತ್ತ ಈಚೆಗೇ ಬರುತ್ತದೆ ಎಂದು ಅವಳ ಅಂದಾಜು. ಎರಡು ಸಲ ಹಾಗೆಯೇ ಬಂತು. ಮೂರನೆಯ ಸಲ ವೃತ್ತ ನದಿ ದಾಟಿ ಆಚೆಗೆ ಹೋಯಿತು. ಗೋದಾಮು ಹೊರಗೆ ಉಳಿಯಿತು. ಇದ್ದದ್ದು ಒಂದೇ ಸೇತುವೆ, ಅದರ ಆಚೆ ಬದಿಯ ಮನೆಗಳಲ್ಲಿ ನೊಯ್‌ರ ಮಗಳ ತಂಡ.

ನೊಯ್ ಚಕ್ಕೋತ ಕೈಗೆತ್ತಿಕೊಳ್ಳಲಿಲ್ಲ. ಈ ಸಲ ಅದರ ಅಗತ್ಯ ಇದ್ದದ್ದು ನನಗೆ. ಅವರು ನನ್ನ ಕೈ ಹಿಡಿದುಕೊಂಡರು. ಮಾನ್ಯ ಕಾದಳು, ಬೇರೆ ಯಾರಾದರೂ ಮೊದಲು ದಾಟಲಿ ಎಂದು. ಯಾರೂ ದಾಟಲಿಲ್ಲ. ಹೊರಗೆ ಉಳಿದು ಜೀವ ಇಳಿಯುತ್ತ ಬಂದಾಗ ನಾಲ್ವರೂ ಒಟ್ಟಿಗೆ ಓಡಿದರು. ಅವಳಿ ಹುಡುಗಿಯರು ಸೇತುವೆಯ ನಡುವೆ ಬಿದ್ದರು, ಜೋಸ್ಲಿನ್ ಸ್ವಲ್ಪ ಮುಂದೆ. ಮಾನ್ಯ ಆಚೆ ದಡ ಮುಟ್ಟಿದಳು. ಮುಟ್ಟಿ ಬಿದ್ದಳು.

ಆಯ್ಕೆ ತಪ್ಪಿತು. ನಾನು ಡಬ್ಬಿಯಲ್ಲಿ ಉಳಿದ ಹಪ್ಪಳವನ್ನು ನೊಯ್‌ರಿಗೆ ಕೊಟ್ಟೆ. ಅವರ ಮಗಳ ಆಟ ಇನ್ನೂ ನಡೆಯುತ್ತಿತ್ತು; ಕೈ ಒರೆಸದೆ ಮಗಳನ್ನು ಮುಟ್ಟಬೇಡಿ ಎಂದು ಎಚ್ಚರಿಸಿದೆ.

ನನ್ನ ಮನಸ್ಸಿನಲ್ಲಿ ತೀರ್ಪು ಬಹುತೇಕ ಆಗಿಹೋಗಿತ್ತು. ವೃತ್ತ ಆಚೆ ಹೋಯಿತು, ಮುಗಿಯಿತು. ಇವರು ಹೇಳಿದ್ದೇ ಸರಿ. ಹೋಟೆಲಿಗೆ ಮರಳುವ ವ್ಯಾನಿನಲ್ಲಿ ಜೋಸ್ಲಿನ್ ಕೂಡ ಅದನ್ನೇ ಕೊಂಕಣಿಯಲ್ಲಿ, ಆಮೇಲೆ ಕನ್ನಡದಲ್ಲಿ ಬೈದಳು: ದರಿದ್ರ ವೃತ್ತ, ನಮಗೇ ಆಗಬೇಕಿತ್ತಾ.

ಮಾನ್ಯ ಕಿಟಕಿಯ ಹೊರಗೆ ನೋಡುತ್ತಿದ್ದಳು. ತಿರುಗದೆಯೇ ಹೇಳಿದಳು:

"ವೃತ್ತ ಹೋದದ್ದು ಬಿಡು, ಅದು ಯಾರ ಕೈಯಲ್ಲೂ ಇಲ್ಲ. ಆದರೆ ಆಚೆ ಹೋಗಲಿಕ್ಕೂ ಸಾಕು ಅಂತ ನಂಗೆ ಮೊದಲೇ ಗೊತ್ತಿತ್ತು. ಸೇತುವೆ ಖಾಲಿ ಇದ್ದಾಗಲೇ ಇಬ್ಬರನ್ನು ಆಚೆ ದಾಟಿಸಿ ಇಡಬೇಕಿತ್ತು. ನಾನು ಇಡ್ಲಿಲ್ಲ. ಅದು ನಂದು."

ಕಾಪುವಿನಲ್ಲಿ ಬಂಡೆಯ ಮೇಲೆ ಒಬ್ಬರು ಹಿರಿಯರು ನಿಲ್ಲುತ್ತಿದ್ದರು. ನೀರಿನ ಬಣ್ಣ, ಹಕ್ಕಿಗಳ ಓಡಾಟ ನೋಡಿ, ಮೀನಿನ ಗುಂಪು ಕಂಡಾಗ ತಲೆಯ ಬಟ್ಟೆ ಬಿಚ್ಚಿ ಬೀಸುತ್ತಿದ್ದರು. ಆಮೇಲೆಯೇ ದೋಣಿ ಹೊರಡುತ್ತಿತ್ತು. ಎಷ್ಟೋ ದಿನ ಬಲೆಯಲ್ಲಿ ಬರೇ ಕಸ, ಲೋಳೆಮೀನು ಬರುತ್ತಿತ್ತು. ಆಗ ಊರವರು ಅವರನ್ನು ಮೀನು ಎಲ್ಲಿ ಎಂದು ಕೇಳುತ್ತಿರಲಿಲ್ಲ. ಎಂತ ನೋಡಿ ಬೀಸಿದಿರಿ ಎಂದು ಕೇಳುತ್ತಿದ್ದರು. ಅವರು ಮರಳಿನಲ್ಲಿ ಕುಳಿತು ಹೇಳುತ್ತಿದ್ದರು: ಬಣ್ಣ ಸರಿ ಇತ್ತು, ಒಳನೀರಿನ ಸೆಳೆತ ನಾನು ನೋಡಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅವರೇ ಬಂಡೆಯ ಮೇಲೆ. ಬೇರೆ ಯಾರನ್ನೂ ನಿಲ್ಲಿಸುತ್ತಿರಲಿಲ್ಲ.

ಇಂದ್ರಾಳಿ

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಇವರು ಕಾರು ತಂದಿದ್ದರು. ಮಗಳು ಹಿಂದಿನ ಸೀಟಿನಲ್ಲಿ ಕುಳಿತಳು. ಪಡುಬಿದ್ರಿ ದಾಟುವ ತನಕ ಇವರು ಬ್ಯಾಂಕಾಕಿನಲ್ಲಿ ಬದನೆ ಹೇಗಿರುತ್ತದೆ ಎಂದು ಕೇಳಿದರು. ಹಸಿರು, ಗೋಲಿಯಷ್ಟೇ ಚಿಕ್ಕದು ಎಂದೆ. ಕಾಪು ಬಂದಾಗ ವಿಷಯಕ್ಕೆ ಬಂದರು.

"ಹಾಗಾದರೆ ಎಂತ ನಿನ್ನ ತೀರ್ಪು?"

"ಒಂದು ವರ್ಷ ಕೊಡಿ."

"ಸೋತು ಬಂದಿದ್ದಾಳಲ್ಲ?"

"ಸೋತಳು. ಹೇಗೆ ಸೋತಳು ಅಂತ ಅವಳನ್ನೇ ಕೇಳಿ."

ಇವರು ಕನ್ನಡಿಯಲ್ಲಿ ಮಗಳನ್ನು ನೋಡಿದರು. ಮಾನ್ಯ ಮೊದಲಿನಿಂದ ಹೇಳಿದಳು. ಹಪ್ಪಳದ ಎಣ್ಣೆ, ಸಿಕ್ಕಿದ ಗೆಲುವು, ಗೋದಾಮು, ಸೇತುವೆ. ಹೇಳುತ್ತ ಹೇಳುತ್ತ ಮುಂದಕ್ಕೆ ಬಗ್ಗಿ ನಮ್ಮ ಸೀಟುಗಳ ನಡುವೆ ತಲೆ ಇಟ್ಟಳು.

"ಇಬ್ಬರೇ ಯಾಕೆ? ನಾಲ್ವರೂ ಮೊದಲೇ ದಾಟಬಹುದಿತ್ತಲ್ಲ?" ಎಂದು ಇವರು ಕೇಳಿದರು.

"ವೃತ್ತ ಈಚೆಯೇ ಉಳಿದಿದ್ದರೆ ಅಪ್ಪ?"

ಇವರು ಗೇರು ಬದಲಿಸಿದರು. "ಅದೂ ಹೌದು," ಎಂದರು. "ಮಳೆ ಬರ್ತದೆ ಅಂತ ಗದ್ದೆಯ ಗುಳ್ಳ ಎಲ್ಲ ಒಂದೇ ದಿನ ಕೊಯ್ಸಿದರೆ, ಮಳೆ ಬರದಿದ್ದರೆ ನಾನು ಎಲ್ಲಿ ಇಡುವುದು? ಅರ್ಧ ಕೊಯ್ಸುವುದು, ಅರ್ಧ ಬಿಡುವುದು." ಮತ್ತೆ ಕೇಳಿದರು: "ಆ ಇಬ್ಬರು ಯಾರು ಅಂತ ಹೇಗೆ ತೀರ್ಮಾನ ಮಾಡ್ತಿದ್ದೆ? ಓಡುವವರಾ, ಗುರಿ ಇಡುವವರಾ?"

ಉಡುಪಿಯ ತನಕ ಅದೇ ಮಾತು. ಅಪ್ಪ ಮಗಳು ಇಬ್ಬರೂ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ಸೀಟುಗಳ ನಡುವೆ ಗಾಳಿಯಲ್ಲೇ ಬೆರಳಿನಿಂದ ನದಿ ಬರೆದರು, ಸೇತುವೆ ಬರೆದರು, ಗೋದಾಮನ್ನು ಎಡಕ್ಕೆ ಸರಿಸಿ ನೋಡಿದರು. ಕಡಿಯಾಳಿಯ ನಮ್ಮ ತಿರುವು ಬಂತು, ಹೋಯಿತು. ನಾನು ಹೇಳಲಿಲ್ಲ. ಇಂದ್ರಾಳಿಯ ರೈಲ್ವೆ ಸೇತುವೆಯ ಮೇಲೆ ವಾಹನಗಳು ನಿಂತು ಕಾರು ನಿಲ್ಲಿಸಬೇಕಾದಾಗ ಇವರಿಗೆ ನಾವು ಎಲ್ಲಿದ್ದೇವೆ ಎಂದು ಗೊತ್ತಾಯಿತು.

ಇವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಹಿಂದೆ ಮುಂದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಹೇಳಿದರು:

"ಮುಂದಿನ ಸಲ ನೀನು ಹಪ್ಪಳ ಕೊಂಡುಹೋಗಬೇಡ."